ಬೆಟ್ಟದ ನೆತ್ತಿಯ ಮೇಲಿನ ಬಿಳಿ

ಜೂನ್ 3, ಬೆಳಿಗ್ಗೆ 5.40, ಕಾರ್ಲೊವಾಚ್

ಟೈರ್ ನೋಡಿದೆ. ಗಾಳಿ ಸರಿ. ಕೊಂಡಿ ಸರಿ, ಸರಪಳಿ ಸರಿ. ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆ, ಕ್ಯಾರವಾನಿನ ಹಿಂದಿನ ದೀಪ ಒಂದು ಮುನಿಸಿಕೊಂಡಿತ್ತು. ಮುಷ್ಟಿಯಿಂದ ಒಂದು ಕೊಟ್ಟೆ, ಹೊತ್ತಿತು. ಮೂವತ್ತೊಂದು ವರ್ಷ ಕಡಲ ದಾರಿಯಲ್ಲಿ ಬಸ್ ಓಡಿಸಿದವಳು. ಯಾವುದಕ್ಕೆ ಎಷ್ಟು ಜೋರಾಗಿ ಗುದ್ದಬೇಕೆಂದು ಗೊತ್ತು.

ಅಕ್ಕ ಝೋರಾಗೆ ದಾರಿಯುದ್ದಕ್ಕೂ ಕಾರ್ಡು ಬರೆಯುತ್ತೇನೆ. ಅದರಲ್ಲೆಲ್ಲ ಒಳ್ಳೆಯ ಸುದ್ದಿಯೇ. ಉಳಿದದ್ದು ಈ ಪುಸ್ತಕಕ್ಕೆ. ಉಳಿದದ್ದು ಅಂದರೆ ಒಂದೇ — ಮಾರ್ಚ್ ತಿಂಗಳಲ್ಲಿ ಕಣ್ಣಿನ ಡಾಕ್ಟರು ಹೇಳಿದ್ದು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಬಾರದು.

ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಪ್ರವಾಸವೇ ಇಲ್ಲ. ಅಳಿಯ ಬೆರಿಸ್ಲಾವ್ ಕ್ಯಾರವಾನ್ ಎಳೆದವನಲ್ಲ, ಮಗಳು ವೆದ್ರಾನಾಗೆ ಲೈಸೆನ್ಸೇ ಇಲ್ಲ. ಮೊಮ್ಮಕ್ಕಳಿಬ್ಬರೂ ಚಳಿಗಾಲದಿಂದ ದಿನ ಎಣಿಸುತ್ತಿದ್ದಾರೆ. ದೂರದ್ದೆಲ್ಲ ಹಾಲು ಬೆರೆಸಿದ ಹಾಗೆ ಕಾಣುತ್ತದೆ, ಅಷ್ಟೇ. ರಸ್ತೆ ಬಾಯಿಪಾಠ. ಸಾಕು.

ಬೋರ್ನಾ, ಮೂರು ವರ್ಷದ ಭೂಪ, ಪೈಜಾಮದಲ್ಲೇ ಬಂದು ಕೂತಿದ್ದಾನೆ. ಹೊರಡಬೇಕು.

ಜೂನ್ 3, ಸಂಜೆ, ಕ್ಲೆನೊವಿಚ ಕ್ಯಾಂಪ್

ಬಂದೆವು. ಕ್ಯಾರವಾನನ್ನು ಎರಡು ಪೈನ್ ಮರಗಳ ನಡುವೆ ಒಂದೇ ಸಲಕ್ಕೆ ಕೂರಿಸಿದೆ. ಪಕ್ಕದ ಜರ್ಮನ್ ಚಪ್ಪಾಳೆ ತಟ್ಟಿದ.

ಬೆರಿಸ್ಲಾವ್ ಸಾರ್ಡೀನ್ ಹುರಿಯುತ್ತಾ ಕೇಳಿದ, "ಅತ್ತೆ, ಆ ಸೈಕಲ್ಲಿನವನಿಗೆ ಹಾರನ್ನೇ ಹೊಡೀಲಿಲ್ವಲ್ಲ?"

"ಹಾರನ್ ಹೊಡೆಯೋದು ಕಲಿಯೋರು ಕಣಪ್ಪ. ನೀನು ಮೀನು ತಿರುವು, ಸೀದು ಹೋಗ್ತಿದೆ."

ಸೈಕಲ್ಲಿನವನು ನನಗೆ ಕಂಡದ್ದೇ ಕಿಟಕಿಯ ಪಕ್ಕ ಬಂದಮೇಲೆ.

ಜೂನ್ 4

ಇಡೀ ದಿನ ನೀರು. ತೋನ್ಕಾ — ಆರು ವರ್ಷ, ನಾಲಿಗೆಗೆ ಅರವತ್ತು — ತೇಲುವುದು ಕಲಿತಳು. ಬೋರ್ನಾ ಕಡಲ ಮುಳ್ಳುಂಡೆ ತುಳಿದ. ಊರಿಗೆಲ್ಲ ಕೇಳುವ ಅಳು. ಪಾದಕ್ಕೆ ಆಲಿವ್ ಎಣ್ಣೆ ಹಚ್ಚಿ ನೆನೆಸಿದೆ. ಸೂಜಿ ಹಿಡಿದರೆ ಮುಳ್ಳೂ ಚರ್ಮವೂ ನನ್ನ ಕಣ್ಣಿಗೆ ಒಂದೇ. ಸೂಜಿಯನ್ನು ಬೆರಿಸ್ಲಾವ್ ಕೈಗೆ ಕೊಟ್ಟೆ.

"ನಾನಾ? ನಿಮ್ಮ ಕೈ ಹದ ಅಲ್ವಾ ಅತ್ತೆ!"

"ಅಪ್ಪ ಆಗಿದೀಯ. ಕಲಿ."

ಐದು ಮುಳ್ಳು ತೆಗೆದ. ಪರವಾಗಿಲ್ಲ.

ಜೂನ್ 6, ಬೆಳಿಗ್ಗೆ 7.10

ಇವತ್ತು ಕಡಲ ದಾರಿಯಲ್ಲೇ ದಕ್ಷಿಣಕ್ಕೆ, ಮುಂದಿನ ಕ್ಯಾಂಪಿಗೆ ಹೊರಡುವ ದಿನ. ವೆದ್ರಾನಾ ಫೋನ್ ಹಿಡಿದು ಬಂದಳು. "ಅಮ್ಮಾ, ಬೂರಾ ಏಳ್ಬೋದು ಅಂತಿದೆ. ನಾಳೆ ಹೋದ್ರಾಯ್ತಲ್ಲ?"

"ನಿನ್ನ ಫೋನು ಆ ದಾರೀಲಿ ಎಷ್ಟು ಸಲ ಓಡಾಡಿದೆ ಕೇಳು."

ಬೆಟ್ಟದಿಂದ ಕಡಲಿಗೆ ಧುಮುಕುವ ಗಾಳಿ ಅದು, ಲಾರಿ ಮಗುಚುವಂಥದ್ದು. ಆದರೆ ನಮ್ಮ ಡಿಪೋದವರು ರೇಡಿಯೊ ಕೇಳಿ ಹೊರಟವರಲ್ಲ. ವೆಲೆಬಿತ್ ಬೆಟ್ಟದ ನೆತ್ತಿ ನೋಡುತ್ತಿದ್ದೆವು. ನೆತ್ತಿಗೆ ಬಿಳಿ ಮೋಡದ ಟೋಪಿ ಕೂತಿದ್ದರೆ ಬಸ್ ನಿಲ್ಲಿಸಿ ಕಾಫಿ. ಬೋಳಾಗಿದ್ದರೆ ಹೊರಡು. ಆ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ.

ಗೇಟಿನವರೆಗೆ ಹೋಗಿ ನೋಡಿ ಬಂದೆ. ಬೋಳು. ಆಕಾಶವೂ ಬೆಟ್ಟವೂ ಒಂದೇ ಬೂದಿ ಬಣ್ಣ. ಜೊತೆಗೆ ಬಂದಿದ್ದ ತೋನ್ಕಾ, "ಅಜ್ಜಿ, ಬೆಟ್ಟದ ಮೇಲೆ ಯಾರೋ ಹತ್ತಿ ಹರಡಿದಾರೆ" ಅಂದಳು. ಮಗು. ನಿನ್ನೆ ಅವಳಿಗೆ ಜರ್ಮನ್ನನ ಗಡ್ಡವೂ ಹತ್ತಿಯೇ ಆಗಿತ್ತು. ಹೊರಟೆವು.

ಜೂನ್ 6, 10.30, ಸೆನ್ಯ್ ಬಂದರು, ಗೋಡೆಯ ಮರೆಯಲ್ಲಿ

ಮಕ್ಕಳಿಗೆ ನೀರು ಕುಡಿಸಿ ಪುಸ್ತಕ ತೆಗೆದೆ.

ಕಣಿವೆಯ ಬಾಯಿ ದಾಟುವಾಗ ಹೊಡೆಯಿತು. ಸೂಚನೆಯೇ ಇಲ್ಲ, ಬಿಸಿಲಿತ್ತು. ಕ್ಯಾರವಾನಿನ ಹಿಂಭಾಗ ಕಡಲ ಕಡೆಗೆ ಎದ್ದು ಹೋಯಿತು. ಬ್ರೇಕ್ ಮುಟ್ಟಲಿಲ್ಲ. ಕಾಲು ಸಡಿಲ, ಸ್ಟೀರಿಂಗ್ ನೇರ, ಬಿಗಿ. ಎರಡನೆಯ ಹೊಡೆತಕ್ಕೆ ಚಾವಣಿಯ ಕಿಟಕಿ ಕಿತ್ತುಕೊಂಡು ಹಾರಿತು. ರಸ್ತೆಯಂಚಿನ ತಡೆಗಂಬಿಗೆ ಕ್ಯಾರವಾನ್ ಉಜ್ಜಿದ ಸದ್ದು. ಮಕ್ಕಳು ಚೀರುತ್ತಿದ್ದರು, ಆಮೇಲೆ ಚೀರಲೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಆರು ಕಿಲೋಮೀಟರು. ಕೈಗಳಿಗೆ ಎಲ್ಲ ನೆನಪಿತ್ತು.

ನಾವು ಬಂದು ಹತ್ತು ನಿಮಿಷಕ್ಕೆ ಪೊಲೀಸರು ರಸ್ತೆ ಮುಚ್ಚಿದರು. ಗೋಡೆಯ ಮರೆಯಲ್ಲಿ ನಿಂತಿದ್ದ ಲಾರಿಯವನೊಬ್ಬ ನಮ್ಮ ಕ್ಯಾರವಾನ್ ನೋಡಿ ತಲೆ ಚಚ್ಚಿಕೊಂಡ.

"ಏನಜ್ಜಿ, ಈ ಕಡೆಯೋರೇ ಆಗಿ ಹಿಂಗೆ ಬರೋದಾ? ಬೆಳಗಿಂದ ಟೋಪಿ ಹಾಕ್ಕೊಂಡು ಕೂತಿದೆ, ಅಲ್ನೋಡಿ!"

ಅವನು ಬೆರಳು ತೋರಿಸಿದ ಕಡೆ ನೋಡಿದೆ. ಬೂದಿ. ಬರೀ ಬೂದಿ.

ತೋನ್ಕಾ ನನ್ನ ಕೈ ಹಿಡಿದಿದ್ದಳು. "ನಾನು ಹೇಳಿದ್ದೆ" ಅಂದಳು, ಮೆತ್ತಗೆ.

ಜೂನ್ 6, ಮಧ್ಯಾಹ್ನ

ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದು, ಪೊರೆ, ಎಲ್ಲ. ವೆದ್ರಾನಾ ಬ್ರೆಡ್ ಕೊಯ್ಯುತ್ತಿದ್ದಳು, ಚಾಕು ಕೆಳಗಿಟ್ಟಳು.

"ಮಕ್ಕಳಿದ್ರು ಅಮ್ಮ ಹಿಂದೆ."

"ಗೊತ್ತು."

"ಗೊತ್ತಿದ್ದೂ..."

ಬೆರಿಸ್ಲಾವ್ ನೆಲ ನೋಡುತ್ತಾ ಅಂದ, "ನಂಗೆ ಅನುಮಾನ ಇತ್ತು. ಸೂಜಿ ಕೊಟ್ರಲ್ಲ, ಆಗ್ಲಿಂದ."

"ಮತ್ತೆ ಬಾಯಿಗೇನಾಗಿತ್ತು ನಿಂಗೆ?" ವೆದ್ರಾನಾ ಅವನ ಕಡೆ ತಿರುಗಿದಳು.

"ಅತ್ತೇನ ಸ್ಟೀರಿಂಗಿಂದ ಇಳಿಸೋ ಗಂಡಸು ಈ ದೇಶದಲ್ಲಿ ಹುಟ್ಟಿದಾನಾ?"

ಯಾರೂ ನಗಲಿಲ್ಲ. ಕೀಲಿಕೈ ತೆಗೆದು ಅವನ ಮುಂದಿಟ್ಟೆ. ಇಟ್ಟಮೇಲೆ ಕೈ ಹಗುರ ಅನ್ನಿಸುತ್ತದೆ ಅಂದುಕೊಂಡಿದ್ದೆ. ಇಲ್ಲ.

ತೋನ್ಕಾ ವಿಚಾರಣೆಗೆ ಬಂದಳು.

"ಸುಳ್ಳು ಹೇಳಿದ್ಯಾ ಅಜ್ಜಿ?"

"ಹೂಂ. ನೀನು ನೋಡಿದ್ದು ಸರಿ. ನಂಗೆ ಕಾಣ್ಲಿಲ್ಲ."

"ಅಮ್ಮ ಬೈದ್ಲಾ?"

"ಹೂಂ."

"ನಾನೂ ಬೈಲಾ?"

"ಬೈ."

ಬ್ರೆಡ್ಡಿನ ತುಂಡೊಂದನ್ನು ಎತ್ತಿಕೊಂಡಳು. "ಆಮೇಲೆ ಬೈತೀನಿ."

ಜೂನ್ 8

ಗಾಳಿ ಇಳಿದಿದೆ. ವೆದ್ರಾನಾ ವಾಪಸ್ ಹೋಗೋಣ ಅಂದಳು. ನಾನು ಒಪ್ಪಲಿಲ್ಲ. ತಪ್ಪು ನನ್ನದು, ಕಡಲಿನದಲ್ಲ. ಎರಡು ದಿನ ಕೊಡು, ಬೆರಿಸ್ಲಾವನನ್ನು ತಯಾರು ಮಾಡುತ್ತೇನೆ ಅಂದೆ. ಕೊಟ್ಟದ್ದು ಒಂದೇ ದಿನ.

ಬಂದರಿನ ಖಾಲಿ ಅಂಗಳದಲ್ಲಿ ಹನ್ನೊಂದು ಸುತ್ತು.

"ತಿರುವಲ್ಲಿ ಅಗಲ ಹೋಗು. ಹಿಂದೆ ಆರು ಮೀಟರ್ ಬಾಲ ಇದೆ ನಿಂಗೆ."

"ಅತ್ತೆ, ಉಸಿರಾಡ್ಲಾ?"

"ಮೂರನೇ ಗೇರಿಗೆ ಬಂದ್ಮೇಲೆ ಆಡು."

ಆರನೆಯ ಸುತ್ತಿಗೆ ಬೆವರು ಒರೆಸಿಕೊಂಡ. ಒಂಬತ್ತನೆಯದಕ್ಕೆ ಶಿಳ್ಳೆ ಹಾಕಿದ. ಬೈದೆ. ಒಳ್ಳೆಯ ಚಾಲಕ ಆಗುತ್ತಾನೆ, ಅವನಿಗೆ ಹೇಳಲಾರೆ. ಝೋರಾಗೆ ಕಾರ್ಡು ಬರೆದೆ. ಈ ಸಲ ನಿಜವನ್ನೇ ಬರೆದೆ. ಜಾಗ ಸಾಲಲಿಲ್ಲ, ಅಂಚಿನಲ್ಲೂ ಬರೆದೆ.

ಜೂನ್ 9, 9.15, ಓಡುವ ಕಾರಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಬೆರಿಸ್ಲಾವ್ ಎಡಗಡೆ ಸ್ಟೀರಿಂಗಿನ ಮುಂದೆ, ನನ್ನ ಜಾಗದಲ್ಲಿ, ನಾನು ಅವನ ಬಲಗಡೆ. ವೆದ್ರಾನಾ, ಮಕ್ಕಳು ಹಿಂದಿನ ಸೀಟಿನಲ್ಲಿ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಎರಡು ಸಲ ಒತ್ತಿತು. ಮೂರನೆಯ ತಿರುವಿನಲ್ಲಿ ಒತ್ತಲಿಲ್ಲ.

ದಕ್ಷಿಣಕ್ಕೆ ಹೋಗುವಾಗ ಬಲಗಡೆಯದು ಕಡಲಿನ ಕಿಟಕಿ. ಮೂವತ್ತೊಂದು ವರ್ಷ ಜನ ಈ ಕಿಟಕಿಗಾಗಿ ಜಗಳಾಡಿದ್ದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ನಾನು ನೋಡಿದ್ದು ರಸ್ತೆಯ ಬಿಳಿ ಗೆರೆ. ಈಗ ಅಲ್ಲಿ ಇರುವುದು ದೊಡ್ಡದೊಂದು ಬೆಳಕು, ಅಂಚಿಲ್ಲ. ಅದೂ ಚೆನ್ನಾಗಿದೆ. ಹಿಂದೆ ಕೂತ ತೋನ್ಕಾಗೆ ಕೇಳಿದೆ, ಏನೇನಿದೆ ಹೇಳೇ.

"ಒಂದು ದೋಣಿ. ಅದರಲ್ಲಿ ನಾಯಿ ನಿಂತಿದೆ."

ಆಮೇಲೆ?

"ದ್ವೀಪ. ಮರಾನೇ ಇಲ್ಲ ಅದಕ್ಕೆ."

ಆಮೇಲೆ?

"ಅಜ್ಜಿ, ಬರಿಯೋದು ನಿಲ್ಸು, ಬೇಗ ಈ ಕಡೆ ನೋಡು, ಎಷ್ಟು ಚೆನ್ನಾಗಿದೆ—"