ಅಂಗಾಲು ಕೊನೆಗೆ

೨೧೯೪, ಫೆಬ್ರವರಿ ಮೂವತ್ತು

ಗುಳೇದಗುಡ್ಡದ ಶಂಕ್ರೆವ್ವಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ನೀಲಾಂಬೆಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ, ನಮಗೆ ಜನ್ಮಕ್ಕೆ ಒಂದೇ. ನನ್ನದನ್ನು ನಿನಗೆ ಬರೆಯುತ್ತಿದ್ದೇನೆ.

ನಾನು ಮೈನೋಟಗಾರ್ತಿ. ಚರ್ಮದ ಕಪ್ಪು ಕ್ಯಾನ್ಸರ್ ತೆಗೆಸಿಕೊಂಡವರು ಮೂರು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಾರೆ. ಪರದೆ ಎಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅವರ ಕುತ್ತಿಗೆ, ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತೇವೆ. ಕೊಯ್ದ ಜಾಗವನ್ನು ಕೊನೆಗೆ ನೋಡುವುದು ನಮ್ಮಲ್ಲಿ ಕಟ್ಟುನಿಟ್ಟು. ಮೊದಲೇ ನೋಡಿದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ನಿನ್ನ ಫೈಲು ಓದಿ ಮೈ ಉರಿಯಿತು. ಮಗ್ಗ ತುಳಿಯುವ ಬಲಗಾಲಿನ ಅಡಿಯಲ್ಲಿದ್ದ ಕಪ್ಪು ಮಚ್ಚೆಯನ್ನು ಚೆನ್ನಾಗಿಯೇ ಕೊಯ್ದು ತೆಗೆದರು. ಆಮೇಲೆ ಮೂರು ಸಲ ಕರೆಸಿದರು. ಮೂರು ಸಲವೂ ಅಂಗಾಲಿನದೊಂದು ಫೋಟೊ, ‘ಗಾಯ ಮಾಗಿದೆ’ ಎಂಬ ಷರಾ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಈ ಮಹಾನುಭಾವರು ಅಂಗಾಲಿಗೆ ಕನ್ನಡಿ ಹಿಡಿದೇ ಕುಳಿತರು. ಒಬ್ಬರ ಕೈಯೂ ಮೊಣಕಾಲು ದಾಟಲಿಲ್ಲ.

ನೀನೇನು ಕಡಿಮೆಯೇ? ತಂಗಿಗೆ ಫೋನಿನಲ್ಲಿ ಕಳಿಸಿದ ನಿನ್ನ ದನಿ ನಮ್ಮ ಮನೆಯಲ್ಲಿ ಇನ್ನೂ ಇದೆ: “ಕಾಲಾಗ ಗಾಯ ಆದ್ರ ತೊಡಿಸಂದ್ಯಾಗ ಗಂಟು ಬರೂದ ಬಿಡ. ಸುಣ್ಣ ಹಚ್ಚೇನಿ. ಡಾಕ್ಟರು ಕಾಲ ತೋರ್ಸು ಅಂದ್ರು, ಕಾಲ ತೋರ್ಸೇನಿ. ಅವರ ಮುಂದ ಸೀರಿ ಎತ್ಲೇನ?” ಕೇಳಿದಾಗಲೆಲ್ಲ ಹಲ್ಲು ಕಡಿದಿದ್ದೇನೆ, ಅತ್ತಿದ್ದೇನೆ. ಗಾಯ ಮಾಗಿ ಏಳು ತಿಂಗಳಾಗಿತ್ತಲ್ಲ ಅಜ್ಜಿ! ಮಾಗಿದ ಗಾಯಕ್ಕೆ ಹೊಸ ಗಂಟು ಯಾಕೆ ಬರುತ್ತದೆ? ಅದು ಕಾಲಿನಿಂದ ಮೇಲಕ್ಕೆ ಹತ್ತುತ್ತಿದ್ದ ಕ್ಯಾನ್ಸರ್. ನಾಲ್ಕನೆಯ ಸಲ ನೀನು ಹೋಗುವಷ್ಟರಲ್ಲಿ ಅದು ಶ್ವಾಸಕೋಶ ಮುಟ್ಟಿತ್ತು ಎಂದು ಫೈಲು ಹೇಳುತ್ತದೆ. ಆ ಪುಟದ ನಂತರ ಪುಟಗಳಿಲ್ಲ.

ಈ ಕಾಗದ ನಿನ್ನ ಕೈಸೇರುವಾಗ ಗಂಟು ಇನ್ನೂ ಕಡಲೆಕಾಳಿನಷ್ಟೇ ಇರುತ್ತದೆ. ಕರೆಯುವವರೆಗೆ ಕಾಯಬೇಡ. ಮಗ್ಗದಿಂದ ಏಳು, ಸುಣ್ಣ ತೊಳೆದುಕೋ, ಇವತ್ತೇ ಹೋಗು. ಅವರು ಕಾಲು ಕೇಳುತ್ತಾರೆ, ಕೊಡಬೇಡ. ನರ್ಸಮ್ಮನನ್ನು ಕರೆದು ಪರದೆ ಎಳೆಸು. ಅವಳ ಕೈ ಹಿಡಿದು ಆ ಗಂಟಿನ ಮೇಲೆ ಇಡು.

ಕಾಲು ಆಮೇಲೆ ತೋರಿಸುವಿಯಂತೆ.