ನಾಬ್ ಇಲ್ಲದ ಕಂಪ್ರೆಸರ್

ಸೋಮವಾರ, ೪. ಬೆಳಿಗ್ಗೆ ೭
ಎಂದಿನಂತೆ ಟೀ ಲೋಟ ಹಿಡಿದು ಅಕ್ಕನ ಮಗಳ ಕೋಣೆಗೆ ಹೋದೆ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ರಜಾಯಿ, ನಡುವೆ ಮೈಕು. ಅವಳು ಒಂದು ಕಥೆ ಓದಿ, ರೆಕಾರ್ಡ್ ಮಾಡಿ, ಶನಿವಾರ ಸಂಜೆ ಆರರೊಳಗೆ ಆಡಿಯೋ ಪುಸ್ತಕದ ಕಂಪನಿಗೆ ಕಳಿಸಬೇಕು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಈಗ ಅವಳು ನಿಲ್ಲುವ ಬಟ್ಟೆ ಅಂಗಡಿಯ ಕೌಂಟರಿಗೆ ಸಲಾಮು. ತೊಂದರೆ ಒಂದೇ — ಕಥೆಯಲ್ಲಿ ಇವಳ ರಾಜ ಗರ್ಜಿಸಿದರೆ ಕಿವಿ ಕಿತ್ತುಹೋಗುತ್ತದೆ, ರಾಣಿ ಪಿಸುಗುಟ್ಟಿದರೆ ಕೇಳುವುದೇ ಇಲ್ಲ. ಕಂಪ್ರೆಸರ್ ಬೇಕು. ಅದು ಏರಿದ ದನಿಯನ್ನು ತಲೆ ಮೇಲೆ ಕೈಯಿಟ್ಟು ಕೂರಿಸುತ್ತದೆ, ಆಮೇಲೆ ಸಣ್ಣದು ದೊಡ್ಡದು ಎಲ್ಲವನ್ನೂ ಸೇರಿಸಿ ಮೇಲೆತ್ತುತ್ತದೆ.
"ಕಂಪ್ಯೂಟರಲ್ಲೇ ಇದೆ ಮಾವ."
"ತಿರುಗಿಸೋಕೆ ನಾಬ್ ಇಲ್ಲದ್ದು ಯಂತ್ರ ಹೇಗಾಗುತ್ತೆ ಪುಟ್ಟಿ? ನಿಜವಾದ್ದು ನಾನು ತರ್ತೀನಿ."

ಮಂಗಳವಾರ, ೫
ಸ್ಟುಡಿಯೋ ಮುಚ್ಚಿ ಕೂತ ಗೆಳೆಯನಿಂದ ಪೆಟ್ಟಿಗೆ ತಂದೆ. ಎರಡು ಇಟ್ಟಿಗೆ ತೂಕ. ಎಂಟು ನಾಬ್, ದನಿಗೆ ತಕ್ಕಂತೆ ಕುಣಿಯುವ ಒಂದು ಮುಳ್ಳು. ವೈರು ಸೇರಿಸುವುದನ್ನು ಚೀಟಿಯಲ್ಲಿ ಬರೆದುಕೊಟ್ಟ. ನಾಬ್ ವಿಷಯ ಕೇಳಲು ನನ್ನ ಮರ್ಯಾದೆ ಬಿಡಲಿಲ್ಲ.
"ಮಾವ, ಇದರಲ್ಲಿ ಹೋದ ದನಿ ಹಾಗೇ ರೆಕಾರ್ಡ್ ಆಗಿಬಿಡುತ್ತೆ. ಕಂಪ್ಯೂಟರಲ್ಲಾದ್ರೆ ಮೂಲ ಉಳಿಯುತ್ತೆ. ಸರಿ ಹೋಗ್ಲಿಲ್ಲ ಅಂದ್ರೆ ತೆಗೆದುಹಾಕ್ಬಹುದು."
"ಸರಿ ಹೋಗ್ದೆ ಎಲ್ಲಿ ಹೋಗುತ್ತೆ? ಇಂಥ ನೂರು ಪೆಟ್ಟಿಗೆ ಕಣ್ಣು ಮುಚ್ಚಿ ಸೆಟ್ ಮಾಡಿದ್ದೀನಿ."
ಅಕ್ಕ ಬಾಗಿಲಲ್ಲಿ ನಿಂತು, "ಇವನು ರೇಡಿಯೋ ರಿಪೇರಿ ಮಾಡಿದ ಮೇಲೆ ನಮ್ಮನೇಲಿ ರೇಡಿಯೋನೇ ಇಲ್ಲ," ಅಂದಳು. ನಾನು ಚೀಟಿ ನೋಡಿಕೊಂಡು ವೈರು ಸಿಕ್ಕಿಸಿದೆ.

ಶುಕ್ರವಾರ, ೮. ಸಂಜೆ
ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.
ಎರಡು ದಿನ ಓದಿ ಮುಗಿಸಿದ್ದಳು. ಹಿಂದೆಯೇ ಕುರ್ಚಿ ಹಾಕಿಕೊಂಡಿದ್ದೆ. ಮುಳ್ಳು ಇನ್ನಷ್ಟು ಕುಣಿಯಲಿ ಎಂದು, ಅವಳು ನೀರಿಗೆ ಎದ್ದಾಗಲೆಲ್ಲ ಒಂದೊಂದು ನಾಬನ್ನು ಕೊನೆಯವರೆಗೆ ತಿರುಗಿಸಿದೆ.
ಇಂದು ಮೂವರೂ ಕೂತು ಕೇಳಿದೆವು. ರಾಜನ ಗರ್ಜನೆ ಇಸ್ತ್ರಿ ಹಾಕಿದಂತೆ ಚಪ್ಪಟೆ. ಅವಳು ಉಸಿರು ತೆಗೆದುಕೊಳ್ಳುವ ಎಡೆಯಲ್ಲೆಲ್ಲ ನನ್ನ ಕುರ್ಚಿಯ ಕಿರಕಿರ, ನನ್ನ ಮೂಗಿನ ಸದ್ದು. ಆಮೇಲೆ, ಇಣುಕಿದ ಅಕ್ಕನಿಗೆ ನಾನು ಪಿಸುಗುಟ್ಟಿದ್ದು... ಓದಿನ ಗುಂಗಿನಲ್ಲಿ ಅವಳಿಗೆ ಆಗ ಕೇಳಿಸಿರಲಿಲ್ಲ. ಈಗ ರಾಜನಷ್ಟೇ ಗಟ್ಟಿಯಾಗಿ ಕೇಳಿಸಿತು: "ಇವಳಿಗೆ ಹೇಳ್ಬೇಡ ಅಕ್ಕ, ಈ ಪೆಟ್ಟಿಗೆ ನಾನು ನೋಡ್ತಿರೋದೇ ಇದು ಮೊದಲು."
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮತ್ತೆ ನಲವತ್ತು ಪುಟ ಮಾವ," ಅಂದಳಷ್ಟೇ. ಎರಡು ದಿನದ ಓದಿಗೇ ಅವಳ ಗಂಟಲು ಒರಟಾಗಿದೆ.

ಶನಿವಾರ, ೯. ಸಂಜೆ ೬.೧೦
ಪೆಟ್ಟಿಗೆ ಕಳಚಿ ಬೆಳಿಗ್ಗೆ ಎಂಟಕ್ಕೇ ಕೂತಳು. ನನ್ನನ್ನು ಹೊರಗಿನ ಮೆಟ್ಟಿಲಿಗೆ ಅಟ್ಟಿದಳು. ಎಂಟು ಗಂಟೆ ಕಾಲ ಬಾಯಿ ಬಿಡಲಿಲ್ಲ. ಪಕ್ಕದ ಮನೆ ಮೇಷ್ಟರು ಸ್ಕೂಟರ್ ಒದೆಯಲು ಬಂದರೆ ಕೈ ಮುಗಿದೆ. ಬೀದಿ ಕೊನೆಯವರೆಗೆ ತಳ್ಳಿಕೊಂಡು ಹೋದರು, ನಾನೂ ಹಿಂದಿನಿಂದ ತಳ್ಳಿದೆ.
ನಾಲ್ಕಕ್ಕೆ ಓದು ಮುಗಿಯಿತು. ಕಂಪ್ಯೂಟರಿನ ಕಂಪ್ರೆಸರ್ ಹಾಕಿದಳು — ಹೆಚ್ಚಾಯಿತು, ತೆಗೆದಳು, ಮತ್ತೆ ಹಾಕಿದಳು. ಮೂರು ಸಲ. ಮೂಲ ದನಿಗೆ ಒಂದು ಗೀರೂ ಬೀಳಲಿಲ್ಲ. ಐದು ಐವತ್ತೆರಡಕ್ಕೆ ಕಳಿಸಿದಳು.

ಗುರುವಾರ, ೨೮. ಬೆಳಿಗ್ಗೆ ೯
ಒಪ್ಪಿಗೆಯಾಗಿದೆ. ಒಂದು ವರ್ಷ. ನಾನು ಸುಮ್ಮನಿದ್ದುದರಿಂದಲೇ ಕೆಲಸ ಸಿಕ್ಕಿತೆಂದು ಬೀದಿಗೆಲ್ಲ ಹೇಳಿ ಬಂದೆ; ಮೇಷ್ಟರು ಅದರಲ್ಲಿ ಸ್ಕೂಟರಿನ ಪಾಲು ಕೇಳಿದರು.
ಇಂದು ಮೊದಲ ಪುಸ್ತಕ. ಕೋಣೆಯಲ್ಲೇ ಕೂರಲು ಬಿಟ್ಟಿದ್ದಾಳೆ. ನೆಲದ ಮೇಲೆ, ಬಾಯಿ ಮುಚ್ಚಿಕೊಂಡು. ಅದಕ್ಕೇ ಬರೆಯುತ್ತಿದ್ದೇನೆ. ಜಂಬ ಕೊಚ್ಚಲು ಇಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ. ಈ ಪುಸ್ತಕ ಗೆದ್ದರೆ ಅದಕ್ಕೂ ನಾನೇ...
ಓದು ನಿಲ್ಲಿಸಿದಳು. ಹೆಡ್‌ಫೋನ್ ತೆಗೆದು ನನ್ನ ಕೈಯನ್ನೇ ನೋಡುತ್ತಿದ್ದಾಳೆ.
"ಮಾವ, ಪೆನ್ನಿನ ಸದ್ದು."
ಈ ಸಾಲೊಂದು ಮುಗಿಸಿ