ಗೋಡೆಗೊರಗಿದ ಅಪ್ಪ

ಮಧುಗಿರಿ
೯ ಜುಲೈ ೨೦೨೪

ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ. ನೀನು ಪಾವಗಡದಿಂದ ಪ್ರದರ್ಶನಕ್ಕೆ ಬರಲಿಲ್ಲವೆಂದು ಮುನಿಸಿಕೊಂಡಿದ್ದೆ. ಈಗ, ಬಾರದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತಿದೆ.

ಈ ವರ್ಷ ಕಲಾಶಾಲೆ ಮುಗಿಸಿದ ನಾವು ಆರು ಜನ ಶಿರಾದಲ್ಲಿ ಒಂದು ಸಮುದಾಯ ಭವನವನ್ನು ಎರಡು ದಿನಕ್ಕೆ ಹಿಡಿದಿದ್ದೆವು. ದೊಡ್ಡ ಊರಿನ ಗ್ಯಾಲರಿಗಳು ಕರೆಯಲಿ ಎಂದು ಕಾದು ಕೂತರೆ ತಲೆ ನರೆಯುತ್ತದೆ ಎಂದು ಎಲ್ಲರನ್ನೂ ಹೊರಡಿಸಿದವನು ಹಾಲೇಶ್. ಅವನದು ಮಣ್ಣಿನ ಕುರಿಗಳು, ಪ್ರಿಯಾಂಕಳದು ಹಳೇ ಸೀರೆಗಳ ಮೇಲಿನ ಕಸೂತಿ. ನನ್ನದು ಅಪ್ಪನ ಚಿತ್ರ, ಆಳೆತ್ತರದ್ದು. ಪೂಜೆ ಮುಗಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದುಕೊಂಡೇ ಗೋಡೆಗೊರಗಿ ತೂಕಡಿಸುತ್ತಾರಲ್ಲ, ಹಾಗೆ. ಹಣೆ ತುಂಬ ವಿಭೂತಿ.

ಗೋಡೆಗೆ ಮೊಳೆ ಹೊಡೆಯಬಾರದೆಂದರು. ಬಾಗಿಲಿಗೆ ಎದುರಾಗಿ ನೆಲದ ಮೇಲೇ ಒರಗಿಸಿಟ್ಟೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಅಂಗೈಗೆ ಲಿಂಗ ಕೊಟ್ಟು, ಗೋಡೆಗೊರಗಿಸಿ ಕೂರಿಸುತ್ತಾರೆ. ಅವ್ವನನ್ನೂ ಹಾಗೇ ಕೂರಿಸಿದ್ದರು. ನಾಲ್ಕು ವರ್ಷ ಬರೀ ಬೆಳಕು, ನೆರಳು ಅಂತ ಓದಿದವಳಿಗೆ ಅದು ಹೊಳೆಯಲಿಲ್ಲ ಎಂದೇ ಎಲ್ಲರಿಗೂ ಹೇಳುತ್ತಿದ್ದೇನೆ.

ಭವನದಲ್ಲಿ ಕಸ ಗುಡಿಸುವ ಬಸವಮ್ಮನಿಗೆ ನೋಡಿದೊಡನೆ ಹೊಳೆಯಿತು. ನಾವು ಟೀ ಕುಡಿದು ಬರುವಷ್ಟರಲ್ಲಿ ಚಿತ್ರಕ್ಕೆ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದ್ದಳು. ತೆಗೆಯುವ ಮೊದಲೇ ಜನ ಬಂದರು. ಬಂದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು. ಅಪ್ಪನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದ ಮದಲೂರಿನ ಪರ್ವತಯ್ಯನವರನ್ನು ನಾನೇ ಕರೆದಿದ್ದೆ. ಅವರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟರು. ಅಪ್ಪ ಇದ್ದಾರೆ ದೊಡ್ಡಪ್ಪ ಅನ್ನಬೇಕಿತ್ತು. ಅವರಿಗೆ ಕುರ್ಚಿ ತಂದು ಹಾಕಿದೆ.

ಅಷ್ಟರಲ್ಲಿ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಹೊಸ ಟವೆಲ್. ಅಳು ಕೇಳಿ ಅವರೂ ಚಪ್ಪಲಿ ಬಿಟ್ಟು, "ಯಾರಪ್ಪ ಹೋಗ್ಬುಟ್ಟಿದ್ದು?" ಎಂದು ಮುಂದೆ ನಿಂತವನನ್ನು ಕೇಳಿದರು. ಆತ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಪ್ಪ ತಮ್ಮನ್ನೇ ನೋಡುತ್ತಾ ನಿಂತರು. ಪರ್ವತಯ್ಯನವರು ತಿರುಗಿ, ಅವರ ಎರಡೂ ಕೈ ಹಿಡಿದು, "ಲೇ ಅಡವಯ್ಯ, ನೀನಿದ್ದೀಯಲ್ಲ, ಅಂಗಾರೆ ಇದೇನ್ಲಾ?" ಎಂದರು. ಅಪ್ಪ ಕೈ ಬಿಡಿಸಿಕೊಂಡರು. ನನಗೆ, "ಚೆಂದಾಗಿ ಬರ್ದಿದ್ದೀಯ ಕಣಮ್ಮ" ಎಂದಷ್ಟೇ ಹೇಳಿ ಬಸ್ ಹತ್ತಲು ಹೊರಟುಹೋದರು.

ಹತ್ತು ದಿನವಾಯಿತು. ಈಗ ಗೋಡೆಯಿಂದ ದೂರ, ನಡುಮನೆಯ ಮಧ್ಯೆ ಕೂತು ಪೂಜೆ ಮಾಡುತ್ತಾರೆ. ಕಣ್ಣು ಮುಚ್ಚುವುದಿಲ್ಲ. ಊಟ ಎರಡು ತುತ್ತು. "ಕೊರಟಗೆರೆ, ತುಮಕೂರು" ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗುತ್ತಿದ್ದವರು, ಈಗ ನೀರು ಬೇಕಾದರೂ ಸನ್ನೆ ಮಾಡುತ್ತಾರೆ. ನಿನ್ನೆ ಮಾತ್ರ ಬಾಯಿಬಿಟ್ಟು ಕೇಳಿದರು: "ಅವತ್ತು ಹೊಟ್ಟೆನೋವು ಅಂತ ಹೋದಾಗ ಆಸ್ಪತ್ರೆಯೋರು ನಿನ್ನೊಬ್ಬಳನ್ನೇ ಒಳಕ್ಕೆ ಕರ್ದು ಏನಂದ್ರಮ್ಮ?" ಗ್ಯಾಸ್ಟ್ರಿಕ್ ಅಂದರು ಎಂದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆ ನೋಟ ನನ್ನಿಂದ ತಡೆಯಲಾಗುತ್ತಿಲ್ಲ ಅಕ್ಕ. ಬ್ರಷ್‌ಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ಇನ್ನು ನಾನು ಏನನ್ನೂ ಬರೆಯಲಾರೆ. ಗೌರಿ ಹಬ್ಬದವರೆಗೆ ಕಾಯಬೇಡ, ಬಂದುಬಿಡು.

ನಿನ್ನ
ಮಂಗಳಾ

ಇದನ್ನು ಮೇಲೆ ಬರೆಯುವ ಧೈರ್ಯ ಬರಲಿಲ್ಲ: ನಿನಗೂ ಸುಳ್ಳು ಹೇಳಿದ್ದೆ. ಅಪ್ಪನಿಗಿರುವುದು ಲಿವರ್ ಕ್ಯಾನ್ಸರ್. ದೀಪಾವಳಿ ನೋಡುವುದು ಕಷ್ಟವೆಂದು ಏಪ್ರಿಲ್‌ನಲ್ಲೇ ಹೇಳಿದರು. ಅವತ್ತು ಸಂಜೆಯೇ ಕ್ಯಾನ್ವಾಸ್ ಬಿಗಿದೆ. ಅವರು ತೂಕಡಿಸುವಾಗ ಎದುರು ಕೂತು, ನಾಳೆ ಕೂರಿಸಿದಾಗ ಹೇಗೆ ಕಾಣುತ್ತಾರೋ ಹಾಗೆಯೇ ಬರೆದೆ. ಬಸವಮ್ಮ ತಪ್ಪು ತಿಳಿಯಲಿಲ್ಲ. ಮನೆಯಲ್ಲಿ ಅಪ್ಪನ ಕೈ ಹಿಡಿದು ಹೇಳಬೇಕಾದ್ದನ್ನು ನಾನು ಊರಿನವರ ಮುಂದೆ ನಿಲ್ಲಿಸಿ ಹೇಳಿಬಿಟ್ಟೆ. ಅವರಿಗೆ ಅರ್ಥವಾಗಿದೆ.